ಮೂಲೆಯಲ್ಲಿ ನಿಲ್ಲುವ ಕೆಲಸ

ಯುದ್ಧ ಮುಗಿದು ಲಷ್ಕರದಿಂದ ಮೂಡಲಗಿಗೆ ಮರಳಿದಾಗ ಅಕ್ಕನ ಗಂಡ ಬಾಕ್ಸಿಂಗಿನ ಹುಚ್ಚು ಹಚ್ಚಿಕೊಂಡೇ ಬಂದಿದ್ದರು. ಅವರನ್ನು ನಾವು ಮಾಮಾ ಎನ್ನುತ್ತಿದ್ದೆವು. ತಾವೇ ಹೊಡೆದಾಡಬೇಕೆಂಬ ಆಸೆ ಅವರಿಗಿರಲಿಲ್ಲ. ಹಗ್ಗದ ಆಚೆ ಮೂಲೆಯಲ್ಲಿ ನಿಂತು, ಸುತ್ತು ಮುಗಿದ ಕೂಡಲೇ ಹುಡುಗನನ್ನು ಸ್ಟೂಲಿನ ಮೇಲೆ ಕೂರಿಸಿ, ನೀರು ಕುಡಿಸಿ, ಗಾಯಕ್ಕೆ ವ್ಯಾಸಲಿನ್ ಒತ್ತಿ, ಕಿವಿಯಲ್ಲಿ ನಾಲ್ಕು ಮಾತು ಹೇಳುವ ಕೆಲಸ ಬೇಕಾಗಿತ್ತು. ಪಲ್ಟನ್ನಿನಲ್ಲಿ ಅವರು ಅಡುಗೆಯವರು. ಗೋರಾ ಸಾರ್ಜೆಂಟನೊಬ್ಬ ಆ ಕೆಲಸ ಮಾಡುವುದನ್ನು ನೋಡಿ ನೋಡಿಯೇ ಕಲಿತಿದ್ದರು.

"ಮುಂಬೈದಾಗ ಇದಕ್ಕ ಪಗಾರ ಕೊಟ್ಟು ಇಟ್ಕೋತಾರ," ಎನ್ನುತ್ತಿದ್ದರು ಮಾಮಾ.

"ನೀರ ಕುಡಸಾಕ ಪಗಾರ? ಹಂಗಾದ್ರ ನನ್ನ ಪಗಾರ ಎಲ್ಲೈತ್ರಿ?" ಎಂದು ಅಕ್ಕ ಕೇಳುತ್ತಿದ್ದಳು.

ಹುಕ್ಕೇರಿಯ ಒಬ್ಬ ಕುಸ್ತಿ ಹುಡುಗನನ್ನು ಮಾಮಾ ತಯಾರು ಮಾಡಿದರು. ಅವನ ತಾಯಿಯನ್ನು ಒಪ್ಪಿಸಲು ಮತ್ತೆ ಮತ್ತೆ ಹೋಗಿಬಂದರು. ಗೋಕಾಕದ ತಾಲೀಮಿನವರು, ಅಂದರೆ ಅಲ್ಲಿನ ಗರಡಿಮನೆಯವರು, ಪಂದ್ಯ ಇಟ್ಟರು. ಕುಸ್ತಿ ಕಣದ ಮೇಲೆ ಹಲಗೆ ಹಾಸಿ, ಬಿದಿರು ನೆಟ್ಟು ಹಗ್ಗ ಬಿಗಿದಿದ್ದರು. ನಾನು ಪತ್ರಿಕೆಯೊಂದಕ್ಕೆ ವರದಿ ಬರೆಯಲು ಎದುರು ಬದಿಯ ಬೆಂಚಿನಲ್ಲಿದ್ದೆ.

ಎದುರಾಳಿ ಲಷ್ಕರದಲ್ಲಿ ಪಳಗಿದವನು. ಎರಡನೆಯ ಸುತ್ತಿನಲ್ಲಿ ನಮ್ಮ ಹುಡುಗನ ಹುಬ್ಬು ಒಡೆಯಿತು. ಮೂರನೆಯದರಲ್ಲಿ ಅವನ ಕೈಗಳು ಕೆಳಗಿಳಿದವು. ಕುಸ್ತಿಯವನಿಗೆ ಬೆನ್ನು ನೆಲಕ್ಕೆ ತಾಗಬಾರದೆಂಬುದೊಂದೇ ಗೊತ್ತು. ಅವನು ಬೀಳದೆ ನಿಂತೇ ಇದ್ದ, ಏಟುಗಳು ಬೀಳುತ್ತಲೇ ಇದ್ದವು.

ಮಾಮಾ ಟಾವೆಲ್ ಒಳಗೆ ಎಸೆದರು. ಬಾಕ್ಸಿಂಗಿನಲ್ಲಿ ಹಾಗೆ ಎಸೆದರೆ ಸೋಲೊಪ್ಪಿದಂತೆ, ಆಟ ನಿಲ್ಲಿಸಬೇಕು. ನಮ್ಮ ಕಡೆಯ ಕುಸ್ತಿಯಲ್ಲಿ ಒಳ್ಳೆಯ ಪಟ್ಟು ಬಿದ್ದರೆ ಜನ ಖುಷಿಯಿಂದ ರುಮಾಲು ತೂರುತ್ತಾರೆ. ಕಲಿಸಿದ ವಸ್ತಾದನೇ ಬಟ್ಟೆ ಎಸೆದ ಮೇಲೆ ಹುಡುಗ ಗೆಲ್ಲುತ್ತಿದ್ದಾನೆಂದೇ ಎಲ್ಲರೂ ತಿಳಿದರು. ರುಮಾಲುಗಳು ಹಾರಿದವು. ಆಟ ನಡೆಸುತ್ತಿದ್ದ ಪಂಚನ ಬೆನ್ನು ಮಾಮಾನ ಕಡೆಗಿತ್ತು. ಅವನು ತಿರುಗುವಷ್ಟರಲ್ಲಿ ಹಲಗೆಯ ತುಂಬ ಬಟ್ಟೆ. ಕಾಲಿನಿಂದ ಬದಿಗೆ ಸರಿಸಿ ಆಟ ಮುಂದುವರಿಸಿದ.

ಮಾಮಾ ಹಗ್ಗದ ಮೇಲೆ ಕಾಲಿಟ್ಟರು. ತಾಲೀಮಿನ ಹಿರಿಯರಿಬ್ಬರು ಹೆಗಲು ಹಿಡಿದು ಎಳೆದರು.

"ಏನ್ರಿ ವಸ್ತಾದ, ಜೋಡಿನ ಆಟ ನಡದಾಗ ಕಣಕ್ಕ ಇಳಿತಾರೇನ್ರಿ? ಮಂದಿ ನಗತಾರ."

"ಬಿಡ್ರಿ, ಹುಡುಗ ಸಾಯ್ತಾನ."

"ಅಂವಾ ಇನ್ನೂ ನಿಂತಾನಲ್ರಿ."

ನಾನೂ ನಿಲ್ಲಿಸಿರೆಂದು ಕೂಗಿದೆ. ಆ ಗದ್ದಲದಲ್ಲಿ ನಾನು ಹುರಿದುಂಬಿಸುತ್ತಿದ್ದೇನೆಂದು ಪಕ್ಕದವನು ಬೆನ್ನು ತಟ್ಟಿದ. ಗಂಟೆ ಬಾರಿಸುವ ಮೊದಲೇ ಹುಡುಗ ಬಿದ್ದ.

ಘಟಪ್ರಭಾದ ದವಾಖಾನೆಯಲ್ಲಿ ಎಡಗಣ್ಣು ಉಳಿಯುವುದಿಲ್ಲವೆಂದರು. ನನ್ನ ವರದಿಯಲ್ಲಿ ಟಾವೆಲ್ ಎಸೆದದ್ದನ್ನು ಬರೆದಿದ್ದೆ. ಪತ್ರಿಕೆಯವರು ಜಾಗವಿಲ್ಲವೆಂದು ಆ ಸಾಲನ್ನು ತೆಗೆದು, ಹುಕ್ಕೇರಿಯ ಯುವಕ ಮೂರನೆಯ ಸುತ್ತಿನಲ್ಲಿ ಸೋತನೆಂದಷ್ಟೇ ಅಚ್ಚುಹಾಕಿದರು.

ಪಂದ್ಯದ ಮರುದಿನ ಹುಡುಗನ ತಾಯಿ ಚಕ್ಕಡಿಯಲ್ಲಿ ದವಾಖಾನೆಗೆ ಬಂದರು. ಮಗನ ಮುಖ ನೋಡಿದರು. ಅಳಲಿಲ್ಲ.

"ಅಣ್ಣಾರ, ನೀವೂ ಅಲ್ಲೇ ಇದ್ರಿ?" ಎಂದು ಮಾಮಾನನ್ನು ಕೇಳಿದರು.

"ಬಾಜೂಕ ಇದ್ದೆ, ತಂಗೆವ್ವಾ."

"ಬಿಡಸಾಕ ಆಗಲಿಲ್ಲೇನ್ರಿ?"

ಮೂಲೆಯವನು ಒಳಗೆ ಹೋಗಬಾರದು, ಬಟ್ಟೆ ಎಸೆದರೆ ಆಟ ನಿಲ್ಲಬೇಕು, ತಾನು ಎಸೆದಿದ್ದೆ ಎಂದು ಮಾಮಾ ನಿಧಾನವಾಗಿ ವಿವರಿಸಿದರು. ಆಕೆ ಕೊನೆಯವರೆಗೂ ಕೇಳಿಸಿಕೊಂಡರು.

"ಬಟ್ಟಿ ಒಗದ್ರಿ," ಎಂದರು. "ನೀವು ಹೋಗಲಿಲ್ಲ."

ಮಾಮಾ ನನ್ನತ್ತ ನೋಡಿದರು. ಹಿರಿಯರು ಅವರನ್ನು ಹಿಡಿದೆಳೆದದ್ದೂ ಸೇರಿ ನಡೆದದ್ದೆಲ್ಲ ನನಗೆ ಗೊತ್ತಿತ್ತು. ಆಕೆ ಹೇಳಿದ್ದರಲ್ಲಿ ತಪ್ಪು ಯಾವುದೂ ಇರಲಿಲ್ಲ.