ಉಡಿ ತುಂಬಿಸಿಕೊಂಡ ಕಾರು

ನನಗೆ ಮೊಮ್ಮಗಳು ಹುಟ್ಟಿದಳು! ಇವತ್ತು ಆಸ್ಪತ್ರೆಯಿಂದ ಮನೆಗೂ ಬಂದಳು.

ಅವಳನ್ನು ಕರೆತರಲು ಕಾರು ಬೇಕಿತ್ತು. ಮಗಳಿರುವ ಈ ಪರದೇಶದ ಊರು ಎವರ್‌ಗ್ರೀನಿನಲ್ಲೇ ಮುದುಕನೊಬ್ಬ ತನ್ನ ಹಳೆಯ ಕಾರು ಮಾರುತ್ತಾನೆಂದು ಬೆಳಿಗ್ಗೆ ಅಳಿಯಂದಿರ ಜೊತೆ ಹೋದೆ. ಮುದುಕ ಕೀಲಿಕೈಯನ್ನು ಮುಷ್ಟಿಯಲ್ಲಿ ಹಿಡಿದು, ಬಾನೆಟ್ ಸವರುತ್ತ ನಿಂತ. ಕೊಡಲು ಮನಸ್ಸೇ ಇಲ್ಲ. ಇಂಗ್ಲಿಷಿನಲ್ಲಿ ಏನೋ ಹೇಳಿದ.

"ಏನಂತಾರ್ರೀ?" ಎಂದು ಅಳಿಯಂದಿರನ್ನು ಕೇಳಿದೆ.

"ಅಕಿಗೆ ಮುಂಜಾನೆ ಥಂಡಿ ಆಗ್ತದಂತ, ಚಾಲೂ ಆಗದಿದ್ರ ಬೈಬ್ಯಾಡ್ರಿ ಅಂತಾರ. ಇಲ್ಲಿ ಕಾರು, ಹಡಗು ಎಲ್ಲಾ ಹೆಣ್ಣು ನೋಡ್ರಿ ಅತ್ತಿ. ಯಾಕೋ ಏನೋ!"

ನನಗೆ ಹುಬ್ಬಳ್ಳಿಯಲ್ಲಿ ಲಾರಿ ಓಡಿಸುತ್ತಿದ್ದ ನಮ್ಮಪ್ಪ ಕಣ್ಣಮುಂದೆ ಬಂದ. ರೇಡಿಯೇಟರಿಗೆ ನೀರು ಹಾಕುವಾಗ "ಅಕಿಗೆ ನೀರಡಿಕಿ ಆಗ್ಯದ" ಎನ್ನುತ್ತಿದ್ದ. ನಾನು ನಕ್ಕರೆ, "ನನ್ನ ಹೊಟ್ಟಿಯೊಳಗ ಇಟ್ಕೊಂಡು ಮನಿ ಮುಟ್ಟಸ್ತಾಳ, ಹೆಣ್ಣಲ್ಲದ ಮತ್ತೇನು?" ಎನ್ನುತ್ತಿದ್ದ. ನನ್ನನ್ನು ಗಂಡನ ಮನೆಗೆ ಕಳಿಸುವಾಗ ಅಪ್ಪನೂ ಈ ಮುದುಕನ ಹಾಗೇ ನಿಂತಿದ್ದ.

ಮಗಳಿಗೆಂದು ಚೀಲದಲ್ಲಿಟ್ಟಿದ್ದ ಖಣ, ಅಕ್ಕಿ, ತೆಂಗಿನಕಾಯಿ ತೆಗೆದು, ಸೀಟಿನ ಮೇಲಿಟ್ಟು ಕಾರಿಗೆ ಉಡಿ ತುಂಬಿದೆ. ಸ್ಟೀರಿಂಗಿಗೆ ಕುಂಕುಮ ಹಚ್ಚಿದೆ.

"ಬಿಡ್ರೀ ಅತ್ತಿ, ಮಂದಿ ನೋಡ್ತಾರ!"

"ಮಂದಿ ಮಗಳನ್ನ ಬರೇ ಉಡೀಲೆ ಕರಕೊಂಡು ಹೋಗ್ತಾರೇನ್ರಿ? ಅವರಿಗೆ ತಿಳಿಸಿ ಹೇಳ್ರಿ."

ಅಳಿಯಂದಿರು ನಾಚುತ್ತಲೇ ಹೇಳಿದರು. ಮುದುಕ ಕಣ್ಣೊರೆಸಿಕೊಂಡು ಕೀಲಿಕೈಯನ್ನು ನನ್ನ ಅಂಗೈಯಲ್ಲಿಟ್ಟ.

ಸಂಜೆ ಊಟಕ್ಕೆ ಅವನನ್ನೂ ಕರೆದಿದ್ದೆವು. ಹೋಳಿಗೆ ಬಡಿಸುತ್ತಿದ್ದಂತೆ ಅಳಿಯಂದಿರು ಹಳೆಯ ಕಂಬಳಿ ಹಿಡಿದು ಬಾಗಿಲಿಗೆ ಹೊರಟರು.

"ಹೊರಗ ಥಂಡಿ ಬಿದ್ದದ. ಅಕಿಗೆ ಹೊದಿಸಿ ಬರ್ತೀನಿ."

ಅವರು ಬರುವವರೆಗೆ ಯಾರೂ ತುತ್ತು ಎತ್ತಲಿಲ್ಲ. ಬಂದ ಮೇಲೆ ಎಲ್ಲರೂ ಕೂಡಿ ಉಂಡೆವು.