ಸಹಾಯಕ್ಕೆ ಬಂದವರು

"ಯವ್ವಾ, ಈ ಹುಡುಗಿ ನೌಕರಿ ನೀ ಕಸ್ಕೊಂತಿಯೇನು?" ಎಂದು ವರನ ಅಜ್ಜಿಯವರು ಮೊಮ್ಮಗನ ಮೊಬೈಲಿನಲ್ಲಿದ್ದ ಕೃತಕ ಬುದ್ಧಿಮತ್ತೆಯನ್ನು ಕೇಳಿದರು. ಅವರೆಲ್ಲರೂ ನನ್ನನ್ನು ನೋಡಲು ತಂಬ್ರಹಳ್ಳಿಯಿಂದ ಕೊಟ್ಟೂರಿನ ನಮ್ಮ ಮನೆಗೆ ಆಗಮಿಸಿದ್ದರು. ನಾನು ಸಾಫ್ಟ್‌ವೇರ್ ಎಂಜಿನಿಯರ್ ಆಗಿದ್ದು, ಮನೆಯಿಂದಲೇ ಕಾರ್ಯ ನಿರ್ವಹಿಸುತ್ತಿದ್ದೇನೆ. ಬರುವ ಸೊಸೆಗೆ ನೌಕರಿ ಇರತಕ್ಕದ್ದು ಎಂಬುದು ಅವರ ಕಡೆಯ ಷರತ್ತಾಗಿತ್ತು. ಸದರಿ ಪ್ರಶ್ನೆಯನ್ನು ಕೇಳುವ ಧೈರ್ಯ ನನಗೇ ಅದುವರೆಗೆ ಬಂದಿರಲಿಲ್ಲ.

"ಇಲ್ಲ, ನಾನು ಅವರಿಗೆ ಸಹಾಯ ಮಾಡಲು ಇದ್ದೇನೆ" ಎಂದು ಮೊಬೈಲು ವಿನಯಪೂರ್ವಕವಾಗಿ ತಿಳಿಸಿತು.

ಅಜ್ಜಿಯವರು ಪಕ್ಕದಲ್ಲಿದ್ದ ತಮ್ಮ ಸೊಸೆ, ಅಂದರೆ ವರನ ತಾಯಿಯವರತ್ತ ಕೈ ತೋರಿಸಿ, "ಈಕಿನೂ ಮದಿವ್ಯಾಗಿ ಬಂದಾಗ ಹಿಂಗ ಅಂದಿದ್ಳು. ಈಗ ಅಡಿಗಿಮನಿ ಪೂರಾ ಈಕಿದ ಆಗೈತಿ" ಎಂದರು.

ವರನ ತಾಯಿಯವರು ಉಪ್ಪಿಟ್ಟಿನ ತಟ್ಟೆಯಿಂದ ತಲೆ ಎತ್ತದೆ, "ಉಪ್ಪು ನೋಡಾಕ ಇವತ್ತಿಗೂ ನಿಮ್ಮನ್ನ ಕರಿತೀನಲ್ರಿ, ಅತ್ತಿ" ಎಂದು ಉತ್ತರಿಸಿದರು.

ಸಂಬಂಧವು ಉಭಯ ಕುಟುಂಬಗಳ ಸಮ್ಮತಿಯಿಂದ ನಿಶ್ಚಯವಾಗಿರುತ್ತದೆ. ನಮ್ಮ ಕಂಪನಿಯಲ್ಲಿ ಈಗ ಪ್ರೋಗ್ರಾಂಗಳನ್ನು ಯಂತ್ರವೇ ಬರೆಯುತ್ತಿದ್ದು, ಅದರಲ್ಲಿ ತಪ್ಪಿದೆಯೇ ಎಂದು ನೋಡಲು ನನ್ನನ್ನು ಕರೆಯುತ್ತಾರೆ. ಎಲ್ಲಿಯವರೆಗೆ ಕರೆಯುತ್ತಾರೆ ಎಂಬುದನ್ನು ಮಾತ್ರ ಯಾರೂ ತಿಳಿಸಿರುವುದಿಲ್ಲ.