ನೆರಳಿನಲ್ಲಿ ಅಳೆದ ಡೀಸೆಲ್

ಲಾರಿ ಶೆಡ್ಡಿನ ಮೆಕ್ಯಾನಿಕ್ಕಿಗೆ ಹನಿಯಣ್ಣ ಎಂಬ ಹೆಸರು ಬಂದದ್ದು, ಒಂದು ಹನಿಯೂ ಲೆಕ್ಕ ತಪ್ಪಬಾರದು ಎನ್ನುವ ಅವನ ಹಟದಿಂದ. ಮನೆಯಲ್ಲಿ ಹಾಲು ಉಕ್ಕಿದರೆ ಎಷ್ಟು ಚೆಲ್ಲಿತು ಎಂದು ಕೂತಲ್ಲಿಂದಲೇ ಕರಾರುವಾಕ್ಕಾಗಿ ಹೇಳುವ ಮಹಾನುಭಾವ ಅವನು. ಎದ್ದು ಹೋಗಿ ಒಲೆ ಆರಿಸಿದ್ದನ್ನು ಮಾತ್ರ ಯಾರೂ ಕಂಡಿಲ್ಲ.

ಟ್ಯಾಂಕಿನಲ್ಲಿ ಡೀಸೆಲ್ ಎಷ್ಟಿದೆ ಎಂದು ತೋರಿಸುವ ಮೊದಲ ಸೆನ್ಸರ್ ಶೆಡ್ಡಿಗೆ ಬಂದಾಗ ಅದಕ್ಕೆ ಅಳತೆ ಕಲಿಸುವ ಕೆಲಸ ಇನ್ನಾರಿಗೆ ಹೋಗಬೇಕು? ಹೆಂಡತಿಯ ತಮ್ಮ ಓಡಿಸುವ ಲಾರಿಯ ಟ್ಯಾಂಕನ್ನು ಪೂರ್ತಿ ಬರಿದು ಮಾಡಿದ. ಇಪ್ಪತ್ತು ಲೀಟರಿನ ಕ್ಯಾನಿನಲ್ಲಿ ಸುರಿಯುವುದು, ಒಳಗಿನ ಅಲೆ ನಿಲ್ಲುವವರೆಗೆ ಕಾಯುವುದು, ಸೆನ್ಸರ್ ತೋರಿಸಿದ ಅಂಕಿ ಬರೆದುಕೊಳ್ಳುವುದು, ಮತ್ತೆ ಸುರಿಯುವುದು. ಇಷ್ಟು ಅಂಕಿಗೆ ಇಷ್ಟು ಲೀಟರ್ ಎಂದು ಕಂಪ್ಯೂಟರಿಗೆ ಹೇಳಿಕೊಡುವ ಪಾಠ ಅದು. ಹತ್ತಿರ ಯಾರಾದರೂ ಕೆಮ್ಮಿದರೂ "ಸುಮ್ನಿರ್ರೀ, ಡೀಸೆಲ್ ಅಲ್ಲಾಡುತ್ತೆ" ಎಂದು ಗದರುತ್ತಿದ್ದ. ಇದೆಲ್ಲ ನಡೆದದ್ದು ಬಿಸಿಲು ತಾಗದ ಅವನ ಖಾಯಂ ಜಾಗದಲ್ಲಿ, ಶೆಡ್ಡಿನ ಗೋಡೆಯ ನೆರಳಿನಲ್ಲಿ.

ವಾರದೊಳಗೆ ಮ್ಯಾನೇಜರ್ ಕರೆದರು. ಲಾರಿ ಶೆಡ್ಡಿನಿಂದ ಹೊರಟಾಗ ಇನ್ನೂರು ಲೀಟರ್. ಎರಡೇ ಕಿಲೋಮೀಟರ್ ದೂರದ ಗೋದಾಮಿನಲ್ಲಿ ನಿಂತಾಗ ನೂರ ಎಂಬತ್ತೆಂಟು. ದಿನಾ ಹೀಗೇ.

"ನಿಮ್ಮ ಬಾಮೈದ ದಾರೀಲಿ ಡೀಸೆಲ್ ಇಳಿಸ್ತಿದ್ದಾನೆ. ಶೆಡ್ಡಿಗೆ ವಾಪಸ್ ಬಂದಾಗ ಮತ್ತೆ ಏರಿರುತ್ತೆ, ಭಯಕ್ಕೆ ಒಂದಿಷ್ಟು ಸುರೀತಾನೋ ಏನೋ. ಅಥವಾ ಸೆನ್ಸರ್ ಅಳತೇನೇ ತಪ್ಪಿರಬಹುದಾ?"

"ಅಳೆದದ್ದು ನಾನು, ಸಾರ್," ಎಂದ ಹನಿಯಣ್ಣ.

ಅಷ್ಟು ಸಾಕಾಯಿತು. ಸೋಮವಾರದಿಂದ ಭಾವಮೈದುನನಿಗೆ ಕೆಲಸವಿಲ್ಲ ಎಂದು ತೀರ್ಮಾನವಾಯಿತು.

ಮನೆಯಲ್ಲಿ ಹೆಂಡತಿ ಊಟಕ್ಕಿಟ್ಟಳು. ಆಡಿದ್ದು ಒಂದೇ ಮಾತು: "ಅವನನ್ನ ಎತ್ತಿ ಆಡಿಸಿದೋರು ನೀವು. ಅವನು ಕದೀತಾನೇನ್ರೀ?" ಕದಿಯುವವನಲ್ಲ ಎಂದು ಹನಿಯಣ್ಣನಿಗೂ ಗೊತ್ತು. ಆದರೆ ತನ್ನ ಅಳತೆ ತಪ್ಪುವುದಿಲ್ಲ ಎಂದೂ ಅಷ್ಟೇ ಚೆನ್ನಾಗಿ ಗೊತ್ತಲ್ಲ!

ಶನಿವಾರ ಅದೇ ನೆರಳಿನಲ್ಲಿ ಅದೇ ಲಾರಿಯ ಚಕ್ರ ಬಿಚ್ಚುವಾಗ ಕೈಯಿಂದ ಒಂದು ನಟ್ಟು ಜಾರಿ ಗೇಟಿನತ್ತ ಉರುಳಿಕೊಂಡು ಹೋಯಿತು. ಇಪ್ಪತ್ತು ವರ್ಷಗಳಿಂದ ಆ ಜಾಗದಲ್ಲಿ ನಟ್ಟುಗಳು ಹಾಗೇ ಓಡುತ್ತಿದ್ದವು, ಅವನು ನಟ್ಟುಗಳಿಗೇ ಬೈಯುತ್ತಿದ್ದ. ಈ ಸಲ ಬೈಗುಳ ಬಾಯಲ್ಲೇ ನಿಂತಿತು. ಜಾಗವೇ ಇಳಿಜಾರು. ಗೇಟಿಗೆ ಮುಖ ಮಾಡಿ ನಿಂತ ಲಾರಿಯಲ್ಲಿ ಡೀಸೆಲ್ಲೆಲ್ಲ ಟ್ಯಾಂಕಿನ ಮುಂತುದಿಗೆ, ಸೆನ್ಸರ್ ಇರುವ ಕಡೆಗೇ ಬಂದು ಸೇರುತ್ತದೆ. ಸಮತಟ್ಟಾದ ಗೋದಾಮಿನಲ್ಲಿ ಅದು ಹಿಂದಕ್ಕೆ ಸರಿಯುತ್ತದೆ, ಅಂಕಿ ಇಳಿಯುತ್ತದೆ; ಇಳಿಜಾರಿನಲ್ಲೇ ಪಾಠ ಕಲಿತ ಕಂಪ್ಯೂಟರಿಗೆ ಡೀಸೆಲ್ಲೇ ಕಡಿಮೆಯಾದಂತೆ ಕಾಣುತ್ತದೆ. ಕದ್ದವರು ಯಾರೂ ಇಲ್ಲ; ಹನಿಯಣ್ಣನಿಗೆ ನೆರಳು ಬೇಕಿತ್ತು, ಅಷ್ಟೆ.

ನೇರ ಮ್ಯಾನೇಜರ್ ಕೋಣೆಗೆ ಹೋಗಿ ಎಲ್ಲ ಹೇಳಿದ. "ತಪ್ಪು ನಂದು, ಸಾರ್. ನಾನು ಅಳೆದದ್ದೇ ತಪ್ಪು." ಜೀವಮಾನದಲ್ಲಿ ಮೊದಲ ಸಲ ಆಡಿದ ಮಾತಾದ್ದರಿಂದ ಕೊಂಚ ತೊದಲಿತು.

ಮಧ್ಯಾಹ್ನ ರಸ್ತೆಯಾಚೆಯ ಸಮತಟ್ಟು ಮೈದಾನದಲ್ಲಿ, ಸುಡುಬಿಸಿಲಿನಲ್ಲಿ, ಟ್ಯಾಂಕ್ ಮತ್ತೆ ಬರಿದಾಯಿತು. ನಾಲ್ಕನೆಯ ಕ್ಯಾನ್ ಎತ್ತುವಾಗ ಇನ್ನೊಂದು ಕೈ ಬಂದು ಅದರ ಹಿಡಿಕೆ ಹಿಡಿಯಿತು. ಮಾತು ಬಿಟ್ಟಿದ್ದ ಭಾವಮೈದುನ.

"ಭಾವ, ನೀವು ಅಂಕಿ ಬರ್ಕೊಳ್ಳಿ. ನಾನು ಸುರೀತೀನಿ."

"ಚೆಲ್ಲಬೇಡ ಕಣೋ," ಎಂದ ಹನಿಯಣ್ಣ. ಎನ್ನುತ್ತಾ ಕಣ್ಣು ಒರೆಸಿಕೊಳ್ಳಲು ತಾನೇ ಕೈಬಿಟ್ಟ. ಕ್ಯಾನ್ ವಾಲಿ ಡೀಸೆಲ್ ನೆಲಕ್ಕೆ ಚೆಲ್ಲಿತು.

"ಎಷ್ಟು ಚೆಲ್ತು, ಭಾವ?"

"ಎಷ್ಟೋ ಚೆಲ್ತು, ಬಿಡು. ಮತ್ತೆ ತುಂಬಿಸು."